ಮನೇಲಿ ಕೇಳಿ ಹೇಳ್ತೀನಿ

ಮಳವಳ್ಳಿಯಲ್ಲಿ ಈಗ ನನಗೊಂದು ಹೆಸರಿದೆ: ಹೆಂಡತಿಗೆ ವಿಮಾನ ಕೊಳ್ಳಲು ಬಿಡದ ಮೇಷ್ಟ್ರು. ಹಾಲಿನ ಬೂತಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮದ್ದೂರಿನ ಬಸ್ಸಿನಲ್ಲಿ, ಎಲ್ಲ ಕಡೆಯೂ ಇದೇ. ಇಪ್ಪತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ, ಪ್ರತಿ ಏಪ್ರಿಲ್ ಹದಿನಾಲ್ಕಕ್ಕೂ ಮೈಕು ಹಿಡಿದು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಗಂಟಲು ಹರಿದುಕೊಂಡವನಿಗೆ ಸಿಕ್ಕ ಬಿರುದು. ಕೋಪ ಬರುವುದಿಲ್ಲವೇ ಎಂದರೆ ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಇದು ನನ್ನ ಕಥೆಯಲ್ಲ, ನನ್ನ ಹೆಂಡತಿ ಅರುಂಧತಿಯ ಕಥೆ.

ಅರುಂಧತಿ ಯಲಿಯೂರಿನವಳು. ಅವಳ ಅಪ್ಪ ಮರಿಸಿದ್ದಯ್ಯ ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಬೆಳಗಾದರೆ ಸುತ್ತಿಗೆ ಹೆಗಲಿಗೇರಿಸಿ ಹಳಿಯ ಉದ್ದಕ್ಕೂ ನಡೆಯುವುದು, ಸಡಿಲಾದ ಕೀಲಿಗಳನ್ನು ಬಡಿದು ಕೂರಿಸುವುದು, ಇಷ್ಟೇ ಕೆಲಸ. ಮೂವತ್ತಾರು ವರ್ಷ ಹಾಗೆ ನಡೆದರು. ಶಾಲೆಗೆ ರಜೆಯಿದ್ದ ದಿನ ಅರುಂಧತಿ ಅಪ್ಪನಿಗೆ ಮುದ್ದೆ ಹೊತ್ತುಕೊಂಡು ಹೋಗುತ್ತಿದ್ದಳು. ಬೇಲಿಯ ಪಕ್ಕ ಕೂತು ಅಪ್ಪ ಉಣ್ಣುವಾಗ ಮೈಸೂರಿನ ಗಾಡಿ ಧಡಧಡನೆ ಹೋಗುತ್ತಿತ್ತು. "ರೈಲಲ್ಲಿ ಕುಂತೋರು ಯಾರೂ ಕೀಲಿ ನೋಡಕಿಲ್ಲ ಕಣವ್ವ. ನೋಡೋನು ನಾನೊಬ್ನೇಯ," ಎನ್ನುತ್ತಿದ್ದರಂತೆ. ಈ ಮಾತನ್ನು ಮದುವೆಯಾದ ಮೊದಲ ವಾರವೇ ಅವಳು ನನಗೆ ಹೇಳಿದ್ದಳು. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ ಕರೆಂಟು ಆಫೀಸಿಗೆ ಸೇರಿದ ಮೇಲೆ ಅವಳೂ ಅಪ್ಪನ ಹಾಗೆಯೇ ಆದಳು. ದಾರಿಯಲ್ಲಿ ಹೋಗುವಾಗ ನಾನು ಊರು, ಜನ, ಬೆಳೆ ನೋಡಿದರೆ ಅವಳು ಕಂಬ ನೋಡುತ್ತಾಳೆ.

ವಿಮಾನ ನಮ್ಮ ಮನೆಗೆ ಬಂದದ್ದೂ ಕಂಬದ ನೆಪದಲ್ಲೇ. ಮಂಡ್ಯದ ಸಂಪತ್ ಕುಮಾರ್ ಎಂಬ ಹಿರಿಯರು, ವಾಯುಪಡೆಯಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು, ಹಲಗೂರಿನ ಆಚೆ ಒಂದಷ್ಟು ಒಣಭೂಮಿ ಕೊಂಡು ಮಣ್ಣಿನ ರನ್‌ವೇ ಮಾಡಿಕೊಂಡಿದ್ದರು. ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನ. ಆಸಕ್ತರಿಗೆ ಹಾರಿಸುವುದನ್ನು ಕಲಿಸುತ್ತಿದ್ದರು. ರನ್‌ವೇಯ ತುದಿಯಲ್ಲಿ ಒಂದು ಲೈನು ಅಡ್ಡ ಹಾದುಹೋಗಿತ್ತು, ಅದನ್ನು ಬೇರೆ ಕಡೆಗೆ ತಿರುಗಿಸಿಕೊಡಿ ಎಂದು ಅರ್ಜಿ ಹಿಡಿದು ಅರುಂಧತಿಯ ಆಫೀಸಿಗೆ ಬಂದರು. ಸ್ಥಳ ನೋಡಲು ಹೋದವಳು, "ಇಷ್ಟು ದಪ್ಪ ವೈರು ಕಾಣಲ್ವಾ ಸರ್ ನಿಮಗೆ?" ಎಂದು ಕೇಳಿದಳಂತೆ.

"ಬನ್ನಿ, ನೀವೇ ನೋಡಿ" ಎಂದು ಅವರು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೇಲಕ್ಕೆ ಕರೆದೊಯ್ದರು.

ಆ ಸಂಜೆ ಮನೆಗೆ ಬಂದ ಅರುಂಧತಿ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತಳು. "ಕಾಣಲ್ಲ ಕಣ್ರೀ! ನಾವು ಎಳೆದಿರೋ ಒಂದು ವೈರೂ ಮೇಲಿಂದ ಕಾಣಲ್ಲ. ಕಂಬ ಹುಡುಕಿ, ಇಲ್ಲಿಂದ ಅಲ್ಲಿಗೆ ವೈರು ಇರಬೇಕು ಅಂತ ಊಹೆ ಮಾಡ್ಕೋಬೇಕು." ಲೈನು ಮೂರು ತಿಂಗಳಲ್ಲಿ ಜಾಗ ಬದಲಾಯಿಸಿತು. ಅಷ್ಟರಲ್ಲಿ ಅವಳ ಭಾನುವಾರಗಳೂ ಜಾಗ ಬದಲಾಯಿಸಿದ್ದವು. ಒಂದೂವರೆ ವರ್ಷ, ಪ್ರತಿ ಭಾನುವಾರ ಬೆಳಗ್ಗೆ ಐದೂವರೆಗೆ ಸ್ಕೂಟರ್ ಹತ್ತಿ ಹೋಗುವಳು. ಚಪಾತಿ ನಾನು ಮಾಡುತ್ತಿದ್ದೆ. ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಬರೆದುಕೊಳ್ಳುತ್ತಿದ್ದೇನೆ.

ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ದಸರಾ ಮುಗಿದ ಮೇಲೆ ಅವಳಿಗೆ ಲೈಸೆನ್ಸ್ ಬಂತು. ತಡೆಯಲಾರದ ಸಂತೋಷ. ಅದನ್ನು ನಮ್ಮಿಬ್ಬರಿಗೇ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವಳ ಚಿಕ್ಕಪ್ಪನ ಮಗ ಶಿವರಾಜು ಮಂಡ್ಯದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಅಂಥ ಸಂಬಂಧಿ ಯಾರಿಗೂ ಬೇಡ. ಯಲಿಯೂರಿನಿಂದ ಮಳವಳ್ಳಿಯವರೆಗೆ ಏಳು ಕಡೆ ಫ್ಲೆಕ್ಸ್ ಎದ್ದವು. ಅರುಂಧತಿಯ ಮುಖ, ಹಿಂದೆ ಮುನ್ನೂರು ಜನ ಕೂರುವಷ್ಟು ದೊಡ್ಡ ವಿಮಾನ, ಕೆಳಗೆ 'ನಮ್ಮೂರ ಗಗನಕುಸುಮ' ಎಂಬ ಬಿರುದು. ಗಗನಕುಸುಮ ಎಂದರೆ ಇಲ್ಲದೇ ಇರುವ ವಸ್ತು ಕಣಪ್ಪ ಎಂದು ಹೇಳಿದೆ. "ಓದೋರ್ಗೆ ಗೊತ್ತಾಯ್ತದೆ ಬುಡಿ ಭಾವ," ಎಂದ. ನಾನು ಪಾಠ ಮಾಡುವ ಮದ್ದೂರಿನ ಕಡೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹುಡುಗಿಯರು ಗೋಡೆಯ ಮೇಲೆ ಅವಳ ಚಿತ್ರ ಬರೆದರು. ಹೆಡ್‌ಮಿಸ್ ಗೌತಮಿ ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ ಅವಳ ಹೆಸರು ಹೇಳದೆ ಬಿಟ್ಟ ವಾರವಿಲ್ಲ.

ನವೆಂಬರಿನಲ್ಲಿ ಸಂಪತ್ ಕುಮಾರ್ ಒಂದು ಮಾತು ತೆಗೆದರು. ಅವರ ಕಣ್ಣು ಮಂಜಾಗುತ್ತಿತ್ತು. ಮುಂದಿನ ವೈದ್ಯಕೀಯ ಪರೀಕ್ಷೆ ಪಾಸಾಗುವುದಿಲ್ಲವೆಂದು ಅವರಿಗೇ ಗೊತ್ತಿತ್ತು. "ಈ ಗಾಡೀನ ಬೇರೆಯೋರಿಗೆ ಕೊಡಕ್ಕೆ ಮನಸ್ಸಿಲ್ಲಮ್ಮ. ನೀವು ತಗೊಳ್ಳಿ. ಶೆಡ್ಡು, ರನ್‌ವೇ ಎಲ್ಲ ನಿಮ್ಮದೇ ಅಂದ್ಕೊಳ್ಳಿ. ಹುಡುಗೀರಿಗೆ ಕಲಿಸಿ."

ದುಡ್ಡಿನ ತೊಂದರೆ ಇರಲಿಲ್ಲ. ಮಂಡ್ಯದ ಸೈಟು ಮಾರಿದ್ದು ಬ್ಯಾಂಕಿನಲ್ಲಿತ್ತು, ಬಾಕಿಯನ್ನು ಅವರು ನಿಧಾನವಾಗಿ ಕೊಡಿ ಎಂದರು. ಅರುಂಧತಿ ನಮ್ಮ ಕಡೆ ಎಲ್ಲರೂ ಹೇಳುವ ಮಾತನ್ನೇ ಹೇಳಿ ಬಂದಳು: "ಮನೇಲಿ ಕೇಳಿ ಹೇಳ್ತೀನಿ ಸರ್."

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯಲ್ಲಿ ಯಾರೂ ಇನ್ನೊಬ್ಬರ ಮುಖಕ್ಕೆ ಬೇಡ ಎನ್ನುವುದಿಲ್ಲ. ಹೋರಿ ಬೇಡವಾದರೂ, ಚೀಟಿ ಬೇಡವಾದರೂ, ಹೆಣ್ಣು ಬೇಡವಾದರೂ, ಮನೇಲಿ ಕೇಳಿ ಹೇಳ್ತೀನಿ. ಆಮೇಲೆ ಮನೆಯವರು ಒಪ್ಪಲಿಲ್ಲ. ಮನೆಯವರನ್ನು ಯಾರೂ ಕೇಳಿರುವುದಿಲ್ಲ. ಅವರು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಗಂಡಸರು ಹೆಂಡತಿಯರ ಮೇಲೆ ಕೂರಿಸುವ ಈ ಗೂಬೆಯನ್ನು ನಾನೂ ಎಷ್ಟೋ ಸಲ ಕೂರಿಸಿದ್ದೇನೆ. ಆದರೆ ಅರುಂಧತಿ ನನ್ನನ್ನು ಅವತ್ತೇ ಕೇಳಿದಳು, ನಾನು ಅವತ್ತೇ ಹೂಂ ಎಂದೆ. ಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು, ಬೇಕು ಎಂದರೆ ನಾನು ಜೊತೆಗಿದ್ದೇನೆ ಎಂದೆ. ಅವಳು ನಗುತ್ತಾ ಶೆಡ್ಡಿಗೆ ಹೊಸ ಬೀಗ ಬೇಕು ಎಂದಳು.

ಡಿಸೆಂಬರಿನ ಕೊನೆಯ ಭಾನುವಾರ ಮನೆಗೆ ಬಂದವಳು ನಗಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದಳು. ಊಟಕ್ಕೆ ಕೂತು, ಎದ್ದು ಹೋಗಿ ಮತ್ತೆ ತೊಳೆದಳು. ಮೈ ಸರಿಯಿಲ್ಲ ಎಂದಳು. ಅವತ್ತಿನಿಂದ ರನ್‌ವೇ ಕಡೆಗೆ ಹೋಗಲಿಲ್ಲ. ಆಫೀಸಿನಲ್ಲಿ ಕೆಲಸ ಎಂದಳು, ಶೀತ ಎಂದಳು. ಯಾರಾದರೂ ವಿಮಾನ ಯಾವಾಗ ಎಂದು ಕೇಳಿದರೆ, "ನಮ್ಮನೆಯವರನ್ನ ಕೇಳ್ತಾ ಇದೀನಿ" ಎನ್ನತೊಡಗಿದಳು.

ಆ ಮಾತು ಬಸ್ಸಿಗಿಂತ ಬೇಗ ಮದ್ದೂರು ಮುಟ್ಟಿತು. ಕಂಡಕ್ಟರು ಟಿಕೆಟ್ ಹರಿಯುತ್ತಾ, "ಒಪ್ಕಂಬುಡಿ ಮೇಷ್ಟ್ರೇ, ಎಂಗಸ್ರು ಮುಂದ್ಬರ್ಲಿ" ಎಂದ. ಗೌತಮಿ ಮೇಡಂ ಟೀ ಲೋಟ ಕೆಳಗಿಟ್ಟು, "ಭಾಷಣ ಮಾಡೋದು ಸುಲಭ ಅಲ್ವಾ ರಾಜೇಂದ್ರ?" ಎಂದರು. ಯಲಿಯೂರಿನಿಂದ ಅತ್ತೆ ದೇವಿರಮ್ಮ ಫೋನು ಮಾಡಿ, "ಏನಪ್ಪ, ನನ್ನ ಮಗ್ಳು ನಿಂಗೇನ್ ಕಮ್ಮಿ ಮಾಡವ್ಳೆ?" ಎಂದು ಅತ್ತರು. ಹೂಂ ಎಂದವನನ್ನು ಹಿಡಿದು ಹೂಂ ಎನ್ನು ಎಂದು ಊರೆಲ್ಲ ಹಿಂಡುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ಸಂಜೆ ನಾನು ಚೀರಿಯೇ ಬಿಟ್ಟೆ. "ನಾನು ಯಾವಾಗ ಬೇಡ ಅಂದೆ? ಹೇಳು ಅರುಂಧತಿ, ಯಾವಾಗ?"

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. "ಅನ್ನಲಿಲ್ಲ. ಈಗಲಾದ್ರೂ ಅನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಆಮೇಲೆ ಎಲ್ಲ ಹೇಳಿದಳು.

ಹೊನ್ನಯ್ಯ ಎಂಬ ರೈತನ ರೇಷ್ಮೆ ತೋಟ ರನ್‌ವೇಗೆ ಒಂದು ಮೈಲಿ ದೂರದಲ್ಲಿದೆ. ನವೆಂಬರಿನಲ್ಲಿ ಅವನ ಭಾಗದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ, ಹೊಸದು ಬರುವುದು ತಡವಾಗಿತ್ತು. ಅವನು ಆಚೆಯ ಕಂಬದಿಂದ ಕಳ್ಳ ವೈರು ಎಳೆದು, ತನ್ನ ರಾಗಿ ಹೊಲದ ನಡುವೆ ಎರಡು ಬಿದಿರು ನೆಟ್ಟು, ಹಿಪ್ಪುನೇರಳೆಯ ಪಂಪ್‌ಸೆಟ್ಟಿಗೆ ಸೇರಿಸಿಕೊಂಡಿದ್ದ. ತಪಾಸಣೆಗೆ ಹೋದ ಅರುಂಧತಿ ಅದನ್ನು ನೋಡಿದಳು. ಕೇಸು ಹಾಕಬೇಕಾಗಿತ್ತು. "ಅವ್ವಾ, ಹುಳ ಮೂರ್ನೇ ಜ್ವರದಲ್ಲವೆ, ಪೊರೆ ಬುಡ್ತಾ ಅವೆ. ಸೊಪ್ಪು ಒಣಗುದ್ರೆ ಎಲ್ಲಾ ಸತ್ತೋಯ್ತವೆ. ಒಂದ್ ವಾರ ಕಣ್ಮುಚ್ಕಳವ್ವ," ಎಂದು ಅವನು ಕೈ ಮುಗಿದ. ಅವಳು ಒಂದು ವಾರದಲ್ಲಿ ತೆಗೆಯಬೇಕು ಎಂದು ಹೇಳಿ ಬಂದಳು. ವಾರ ಕಳೆಯಿತು, ಅವನು ತೆಗೆಯಲಿಲ್ಲ, ಇವಳು ಮರೆತಳು.

ಡಿಸೆಂಬರಿನ ಆ ಭಾನುವಾರ ಮೇಲಿದ್ದಾಗ ಸಂಪತ್ ಕುಮಾರ್ ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದು ಇಳಿಸಿ, "ಎಂಜಿನ್ ಹೋಯ್ತಮ್ಮ. ಎಲ್ಲಿ ಇಳಿಸ್ತೀರಿ?" ಎಂದರು. ಇದು ಅವರು ಯಾವಾಗಲೂ ಕೊಡುವ ಪರೀಕ್ಷೆ. ಜಾಗ ಆರಿಸಿ, ಇಳಿಯುವಷ್ಟು ಕೆಳಗೆ ಬಂದು, ಮತ್ತೆ ಎಂಜಿನ್ ಏರಿಸಿ ಹೋಗಬೇಕು. ಕಬ್ಬಿನ ಗದ್ದೆಗೆ ಇಳಿಸುವ ಹಾಗಿಲ್ಲ, ಭತ್ತದ ಗದ್ದೆಯಲ್ಲಿ ನೀರು, ತೆಂಗಿನ ತೋಟ ಬೇಡ. ಕೊಯ್ಲಾದ ಉದ್ದನೆಯ ರಾಗಿ ಹೊಲವೊಂದು ಕಂಡಿತು. ತನ್ನ ಸೆಕ್ಷನ್ನಿನ ಪ್ರತಿ ಲೈನಿನ ನಕ್ಷೆ ಅವಳಿಗೆ ಬಾಯಿಪಾಠ. ಆ ಹೊಲದಲ್ಲಿ ನಕ್ಷೆಯ ಪ್ರಕಾರ ಏನೂ ಇರಲಿಲ್ಲ. ಧೈರ್ಯವಾಗಿ ಕೆಳಗೆ ಬಂದಳು.

"ಬಿದಿರು ಕಂಡಿತು ಕಣ್ರೀ. ವೈರು ಕಾಣಲಿಲ್ಲ, ಬಿದಿರು ಕಂಡಿತು. ಆಗ ನೆನಪಾಯ್ತು. ವಿಮಾನ ಮೇಲಕ್ಕೆಳೆದೆ. ಚಕ್ರಕ್ಕೂ ವೈರಿಗೂ ಒಂದು ಮೊಳ ಇತ್ತೋ ಇಲ್ಲವೋ. ಕೆಳಗೆ ಹೊನ್ನಯ್ಯನ ಹೆಂಡತಿ ಬೆಳ್ಳಮ್ಮ ತೆನೆ ಆಯ್ತಾ ಇದ್ದಳು. ಮಕಾಡೆ ಮಲಗಿಬಿಟ್ಟಳು. ನಾನು ಸತ್ತರೆ ಸತ್ತೆ. ಆ ವೈರು ಹರಿದು ಅವಳ ಮೇಲೆ ಬಿದ್ದಿದ್ರೆ?"

ಸಂಪತ್ ಕುಮಾರ್ ಗಮನಿಸಿರಲೇ ಇಲ್ಲ. ಮಂಜುಗಣ್ಣು. "ಸ್ವಲ್ಪ ಜಾಸ್ತಿ ಕೆಳಗೆ ಬಂದ್ರಿ, ನೋಡ್ಕೊಳ್ಳಿ" ಎಂದರಂತೆ.

ಮರುದಿನವೇ ಅವಳು ನಿಂತು ವೈರು ತೆಗೆಸಿದ್ದಳು, ಹೊಸ ಟ್ರಾನ್ಸ್‌ಫಾರ್ಮರಿಗೆ ಮಂಡ್ಯಕ್ಕೆ ನಾಲ್ಕು ಸಲ ಓಡಾಡಿದ್ದಳು. ಆದರೆ ಕಣ್ಣು ಮುಚ್ಚಿದರೆ ಎಲ್ಲ ಕಡೆ ವೈರು. ನಕ್ಷೆಯಲ್ಲಿಲ್ಲದ ವೈರು. "ಇನ್ನು ನನ್ನ ಕೈಲಿ ಆಗಲ್ಲ" ಎಂದಳು. ಹಾಗಾದರೆ ಹಾಗೆಂದು ಹೇಳು ಎಂದೆ. ಹೇಗೆ ಹೇಳಲಿ ಎಂದಳು. ವೈರಿನ ಕಥೆ ಹೇಳಿದರೆ ಹೊನ್ನಯ್ಯನ ಮೇಲೆ ಕಳ್ಳತನದ ಕೇಸು, ಇವಳಿಗೆ ಸಸ್ಪೆಂಡು. ಕಥೆ ಹೇಳದೆ ಹೆದರಿದೆ ಎಂದಷ್ಟೇ ಹೇಳೋಣವೆಂದರೆ ಗೋಡೆಯ ಮೇಲಿನ ಚಿತ್ರ. "ನಾನು ಹೆದರಿದೆ ಅಂದ್ರೆ ಜನ ನನ್ನೊಬ್ಬಳನ್ನ ಅನ್ನಲ್ಲ. ಹೆಂಗಸು, ಅದೂ ನಮ್ಮ ಕೇರಿಯವಳು, ಇವರ ಕೈಲಿ ಎಲ್ಲಿ ಆಯ್ತದೆ ಅಂತಾರೆ. ಗಂಡ ಬಿಡಲಿಲ್ಲ ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ."

ಅವಳು ಹೇಳಿದ್ದು ನಿಜವೇ. ನನಗೆ ಸಿಟ್ಟು ಬಂದದ್ದೂ ನಿಜವೇ. "ನಾನು ಸುಳ್ಳು ಹೇಳೋದಿಲ್ಲ. ಏನಾದರೂ ಮಾಡಿಕೋ," ಎಂದು ಎದ್ದು ಹೋದೆ.

ಫೆಬ್ರವರಿಯ ಎರಡನೇ ಭಾನುವಾರ ಸಂಪತ್ ಕುಮಾರ್ ಉತ್ತರ ಕೇಳಲು ಮನೆಗೇ ಬಂದರು. ಕೈಯಲ್ಲಿ ವಿಮಾನದ ಕಾಗದಪತ್ರದ ಚೀಲ. ಅವರು ಬರುತ್ತಾರೆಂದು ಶಿವರಾಜುವಿಗೆ ಹೇಗೋ ಗೊತ್ತಾಗಿ, ಅತ್ತೆ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದುಬಿಟ್ಟಿದ್ದ. ಅತ್ತೆ ಮೂರು ನಿಂಬೆಹಣ್ಣು ತಂದಿದ್ದರು. "ಮೂರ್ ಚಕ್ರ ಅಲ್ವೇನಪ್ಪ ಅದ್ಕೆ?" ಎಂದು ನನ್ನನ್ನೇ ಕೇಳಿದರು. ಬುದ್ಧನ ಪಟದ ಕೆಳಗೆ ನಿಂಬೆಹಣ್ಣು ಇಟ್ಟು ಕೂತರು.

ಸಂಪತ್ ಕುಮಾರ್ ಕಾಫಿ ಕುಡಿದು ಲೋಟ ಇಟ್ಟರು. "ಏನಮ್ಮ, ತೀರ್ಮಾನ ಆಯ್ತಾ?"

ಅರುಂಧತಿ ನೆಲ ನೋಡುತ್ತಿದ್ದಳು. "ನಮ್ಮನೆಯವರು..." ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನೇ ಕಟ್ಟಿಸಿದ ಮನೆಯಲ್ಲಿ ನನಗೆ ಓಡಿಹೋಗಲು ಒಂದು ಬಾಗಿಲಿರಲಿಲ್ಲ. ಹೂಂ ಎಂದರೆ ಇವಳು ಮತ್ತೆ ಆ ಸೀಟಿನಲ್ಲಿ ಕೂರಬೇಕು. ನಿಜ ಹೇಳಿದರೆ ಅವಳ ನೌಕರಿ, ಹೊನ್ನಯ್ಯನ ಮಾನ. ಅವಳ ಕೈ ನೋಡಿದೆ. ನೀರಿಲ್ಲದೆಯೇ ತೊಳೆದುಕೊಳ್ಳುತ್ತಿದ್ದಳು, ಬೆರಳಿಗೆ ಬೆರಳು ಉಜ್ಜಿ.

"ನಾನೇ ಬೇಡ ಅಂದೆ," ಎಂದೆ.

ಸಂಪತ್ ಕುಮಾರ್ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ನಿಮ್ಮಂಥ ಓದಿದೋರು ಹೀಗೆ ಮಾಡ್ತೀರ ಅಂತ ಅಂದುಕೊಂಡಿರಲಿಲ್ಲ" ಎಂದರು. ಶಿವರಾಜು, "ಭಾವಾ, ನೀವೂನಾ!" ಎಂದವನು ನನ್ನ ಜೊತೆ ಇವತ್ತಿಗೂ ಮಾತಾಡಿಲ್ಲ. ಅತ್ತೆ ನಿಂಬೆಹಣ್ಣು ವಾಪಸ್ಸು ಸೆರಗಿಗೆ ಕಟ್ಟಿಕೊಂಡರು.

ಮಾವ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದರು. "ಬುಡ್ರಲಾ ಅತ್ಲಾಗಿ. ಮೇಷ್ಟ್ರು ಸುಮ್‌ಸುಮ್ಕೆ ಏಳಕಿಲ್ಲ" ಎಂದರು. ಹೊರಡುವಾಗ ಬಾಗಿಲಲ್ಲಿ ಅವಳ ತಲೆ ಮೇಲೆ ಕೈಯಿಟ್ಟು, "ಎದ್ರುದೋನೇ ಕೀಲಿ ನೋಡದು ಕಣವ್ವ" ಎಂದರು. ಅದನ್ನು ಕೇಳಿ ಅವಳು ಒಳಗೆ ಹೋಗಿ ಅತ್ತಳು.

ವಿಮಾನವನ್ನು ತಮಿಳುನಾಡಿನ ಕಡೆಯವರು ಯಾರೋ ಕೊಂಡರು. ರೆಕ್ಕೆ ಬಿಚ್ಚಿ, ಲಾರಿಯ ಮೇಲೆ ಕಟ್ಟಿ ಸಾಗಿಸಿದರು. ಹಳ್ಳಿಯ ತಿರುವಿನಲ್ಲಿ ಬಾಲ ವೈರಿಗೆ ತಗಲುತ್ತದೆಂದು ಲಾರಿ ನಿಂತಿತು, ಕರೆಂಟು ಆಫೀಸಿಗೆ ಫೋನು ಬಂತು. ಹೋದವಳು ಇವಳೇ. ಲೈನು ಬಂದ್ ಮಾಡಿಸಿ, ಲೈನ್‌ಮನ್ ಬಿದಿರು ಗಳದಿಂದ ವೈರನ್ನು ಎತ್ತಿ ಹಿಡಿದಾಗ, ಲಾರಿ ಕೆಳಗೆ ನುಸುಳಿ ಹೋಗುವುದನ್ನು ನಿಂತು ನೋಡಿದಳು. ಮನೆಗೆ ಬಂದು, "ಹೋಯ್ತು ಕಣ್ರೀ" ಎಂದಳು. ಅವಳಿಗೆ ಹಗುರವಾಗಿತ್ತೋ ಹೊಟ್ಟೆ ಉರಿದಿತ್ತೋ ನಾನು ಕೇಳಲಿಲ್ಲ. ಎರಡೂ ಇದ್ದಿರಬೇಕು.

ಅವಳಿಗೆ ತಪ್ಪಿದ ಉರುಳು ನನ್ನ ಕೊರಳಿಗೆ ಬಿತ್ತು. ಸ್ಟಾಫ್ ರೂಮಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಸಮಾನತೆಯ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನಾನು ಮನೆಯಲ್ಲಿ ಏನೂ ಹೇಳಲಿಲ್ಲ, ಆದರೆ ಊಟ ಬಿಟ್ಟು ಏಳುವುದು ಹೆಚ್ಚಾಯಿತು. ಅವಳು ನೋಡುತ್ತಿದ್ದಳು. ಮಹಿಳಾ ದಿನಾಚರಣೆಗೆ ನಮ್ಮ ಶಾಲೆಯವರು ಅವಳನ್ನೇ ಮುಖ್ಯ ಅತಿಥಿಯಾಗಿ ಕರೆದಾಗ, ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಒಪ್ಪಿಕೊಂಡಳು.

ಶಾಮಿಯಾನದ ಕೆಳಗೆ ನಾನೂರು ಹುಡುಗಿಯರು. ನನಗೆ ಕೊನೆಯ ಸಾಲಿನಲ್ಲಿ ಕುರ್ಚಿ. ಅರುಂಧತಿ ಮೈಕಿನ ಮುಂದೆ ನಿಂತು, ಬರೆದುಕೊಂಡು ಬಂದ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ನಮ್ಮನೆಯವರು ವಿಮಾನ ಕೊಳ್ಳಲು ಬಿಡಲಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಅದು ಸುಳ್ಳು. ಅವರು ಮೊದಲ ದಿನವೇ ಒಪ್ಪಿದ್ದರು. ನಾನು ಮೇಲೆ ಒಂದು ತಪ್ಪು ಮಾಡಿದೆ. ಆ ತಪ್ಪಿಗೆ ಕೆಳಗೆ ಒಬ್ಬರ ಜೀವ ಹೋಗುವುದರಲ್ಲಿತ್ತು. ಆಮೇಲೆ ನನಗೆ ಹೆದರಿಕೆಯಾಯಿತು. ಬೇಡ ಅಂದವಳು ನಾನು. ಹೆದರಿದವಳೂ ನಾನೇ. ಅದನ್ನ ಹೇಳೋಕ್ಕಾಗದೆ ಅವರ ಹಿಂದೆ ಬಚ್ಚಿಟ್ಟುಕೊಂಡೆ."

ನನ್ನ ಕಣ್ಣು ತುಂಬಿತು. ಎಷ್ಟೋ ವಾರಗಳ ಮೇಲೆ ಕುರ್ಚಿಗೆ ಸರಿಯಾಗಿ ಒರಗಿ ಕೂತೆ. ಆಮೇಲೆ ಗೌತಮಿ ಮೇಡಂ ಎದ್ದು ಬಂದು ಅವಳನ್ನು ತಬ್ಬಿಕೊಂಡರು. ಅವರಿಗೂ ಅಳು. ಮೈಕು ತೆಗೆದುಕೊಂಡರು.

"ನೋಡಿ ಮಕ್ಕಳೇ, ಹೆಣ್ಣಿನ ದೊಡ್ಡತನ ಅಂದರೆ ಇದು. ತನ್ನ ಕನಸು ಮುರಿದವರ ಮಾನವನ್ನೂ ಸಭೆಯಲ್ಲಿ ಕಾಪಾಡುತ್ತಾರಲ್ಲ! ಯಾರ ತಪ್ಪನ್ನೋ ತಮ್ಮ ಮೇಲೆ ಹಾಕಿಕೊಂಡರು. ಚಪ್ಪಾಳೆ ತಟ್ಟಿ!"

ಚಪ್ಪಾಳೆ ಶಾಮಿಯಾನ ಹಾರಿಹೋಗುವ ಹಾಗೆ ಬಿತ್ತು. ಅರುಂಧತಿ ಇಲ್ಲ ಇಲ್ಲ ಎಂದು ಕೈಯಾಡಿಸಿದಳು. ಇಲ್ಲ ಎಂದಷ್ಟೂ ಚಪ್ಪಾಳೆ ಜೋರಾಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಸುತ್ತ ನಿಂತು ಫೋಟೋ ಹಿಡಿದರು. ನಡುವೆ ಸಿಕ್ಕಿಕೊಂಡು ಅವಳು ನನ್ನ ಕಡೆ ನೋಡಿದಳು. ನಾನು ಕೊನೆಯ ಸಾಲಿನಿಂದ ಎದ್ದು ಹೊರಗೆ ಬಂದೆ.

ಬೈಕಿನ ಹತ್ತಿರ ಒಂಬತ್ತನೇ ತರಗತಿಯ ದೀಪಿಕ ನಿಂತಿದ್ದಳು. ಗೋಡೆಯ ಮೇಲೆ ಅರುಂಧತಿಯ ಚಿತ್ರ ಬರೆದವಳು ಅವಳೇ. ಕ್ಲಾಸಿನಲ್ಲಿ ನಾನು ಹೇಳಿದ್ದನ್ನೆಲ್ಲ ಪುಸ್ತಕ ತೆಗೆದು ತಾಳೆ ನೋಡುವ ಹುಡುಗಿ.

"ಸಾ, ಒಂದ್ ಮಾತು ಕೇಳ್ಲಾ? ಮೇಡಂ ನಿಜ್ವಾಗ್ಲೂ ಎದ್ರುದ್ರಾ?"

ಒಬ್ಬಳಾದರೂ ಕೇಳಿದಳಲ್ಲ ಎಂದು ಜೀವ ಬಂತು. "ಹೌದಮ್ಮ, ಅವರು ಹೇಳಿದ್ದು ಅಕ್ಷರಶಃ ನಿಜ. ನಾನು ಬೇಡ ಅನ್ನಲೇ ಇಲ್ಲ. ಹೆದರಿದ್ದು ಅವರೇ. ಹೆದರೋದು ಅವಮಾನ ಅಲ್ಲ" ಎಂದೆ.

ದೀಪಿಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಂತ ಏಳ್ಕೊಟ್ಟಿದ್ದೂ ನೀವೇನಾ ಸಾ?"

ನಾನು ಜೇಬಿನಲ್ಲಿ ಬೈಕಿನ ಕೀಲಿ ಹುಡುಕತೊಡಗಿದೆ. ಮನೇಲಿ ಕೇಳಿ ಹೇಳ್ತೀನಿ ಎನ್ನುವ ಹಾಗೂ ಇರಲಿಲ್ಲ.